ಇನ್ನೂರ ಹದಿನೈದು ಗ್ರಾಂ

ಆ ಮೂರು ದಿನ ನಾನು ಎಲ್ಲಿಯೂ ಕೂತು ಉಂಡ ನೆನಪಿಲ್ಲ. ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿ ನಿಂತೇ ಹೋಗುತ್ತಿದ್ದೆ. ಎರಡನೆಯ ದಿನ ಕಂಡಕ್ಟರ್ ನೋಡಿ ನೋಡಿ, "ಕುಂದರ್ರಿ ಬಾಯಾರ. ನೀವ್ ನಿಂತ್ರ ಬಸ್ಸೇನ ಲಗೂ ಹೋಗಂಗಿಲ್ಲ" ಎಂದ. ಕೂತೆ. ಎರಡು ಸ್ಟಾಪ್ ದಾಟುವಷ್ಟರಲ್ಲಿ ಮತ್ತೆ ಎದ್ದು ನಿಂತಿದ್ದೆ. ಬ್ಯಾಗಿನಲ್ಲಿದ್ದ ಡೈರಿಯನ್ನು ತೆಗೆದು ಅದೇ ಎರಡು ಪುಟಗಳನ್ನು ನೋಡುವುದು, ಮುಚ್ಚಿಡುವುದು, ಮತ್ತೆ ತೆಗೆಯುವುದು. ಪುಟಗಳಲ್ಲಿ ಏನೂ ಬದಲಾಗಿರುತ್ತಿರಲಿಲ್ಲ. ಎರಡೂ ನನ್ನದೇ ಕೈಬರಹ.

ನಾನು ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನರ್ಸ್. ಹೊಸದಾಗಿ ಹೆತ್ತವರ ಮನೆಗೆ ಹೋಗಿ ಕೂಸಿನ ತೂಕ ನೋಡುವುದು, ಮೊಲೆ ಹಿಡಿಸುವುದನ್ನು ಹೇಳಿಕೊಡುವುದು, ಏನಾದರೂ ಸರಿಯಿಲ್ಲ ಎನಿಸಿದರೆ ಡಾಕ್ಟರಿಗೆ ತಿಳಿಸುವುದು ನನ್ನ ಕೆಲಸಗಳಲ್ಲಿ ಒಂದು. ಸರ್ಕಾರದ ರಿಜಿಸ್ಟರ್ ಬೇರೆ ಇದೆ. ಅದರ ಜೊತೆಗೆ ನನ್ನದೊಂದು ಡೈರಿ. ಒಂದೊಂದು ಕೂಸಿಗೆ ಎರಡು ಪುಟ. ತಾರೀಖಿನ ಪಕ್ಕದಲ್ಲಿ ಕೂಸು ಹುಟ್ಟಿ ಎಷ್ಟನೆಯ ದಿನ ಎಂದು ಬರೆಯುತ್ತೇನೆ. ಆಮೇಲೆ ತೂಕ, ದಿನಕ್ಕೆ ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಬಟ್ಟೆ ಒದ್ದೆ ಮಾಡಿತು. ಕೊನೆಯ ಅಂಕಣಕ್ಕೆ 'ಮಾತು' ಎಂದು ಹೆಸರಿಟ್ಟಿದ್ದೆ. ತಾಯಿ ಏನಾದರೂ ಹೇಳಿದರೆ ಅದನ್ನು ಬರೆಯಲು. ಆ ಅಂಕಣ ಹೆಚ್ಚಾಗಿ ಖಾಲಿ ಇರುತ್ತಿತ್ತು. ಅಂಕಿಗಳಿಗೆ ಇರುವ ನೆಮ್ಮದಿ ಮಾತಿಗೆ ಇಲ್ಲವೆಂದು ಆಗ ತಿಳಿದಿದ್ದೆ.

ಆ ಬಾಣಂತಿ ನನಗಿಂತ ಒಂದು ವರ್ಷ ಚಿಕ್ಕವಳು. ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಳಿಯಾಳದ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಎರಡು ಕಿಲೊ ಆರುನೂರು ಗ್ರಾಂ. ನಾಲ್ಕನೆಯ ದಿನ ನಾನು ಮೊದಲ ಸಲ ಅವರ ಮನೆಗೆ ಹೋದೆ. ಚಳಿಗಾಲ. ಒಳಕೋಣೆಯಲ್ಲಿ ಬಾಣಂತಿ ಮಲಗುವ ಹೊರಸು, ಹೊರಸಿನ ಕೆಳಗೆ ಕೆಂಡದ ಬುಟ್ಟಿ, ಕಿಟಕಿಗೆ ಹಳೆಯ ಸೀರೆ. ಕೂಸು ಕುಂಚಿಗೆಯೊಳಗಿತ್ತು. ಕುಂಚಿಗೆ ಎಂದರೆ ನಮ್ಮ ಕಡೆ ಕೂಸಿಗೆ ತಲೆಯಿಂದ ಕಾಲಿನವರೆಗೆ ಇಳಿಬಿಟ್ಟು ಗದ್ದದ ಕೆಳಗೆ ಕಟ್ಟುವ ಟೊಪ್ಪಿಗೆಯ ಬಟ್ಟೆ. ಅದರ ಮೇಲೆ ಇನ್ನೊಂದು ದುಪಟಿ ಸುತ್ತಿದ್ದರು. ಮೂಗು, ಎರಡು ಕಣ್ಣು, ಅಷ್ಟೇ ಕಾಣುತ್ತಿದ್ದದ್ದು.

ನಾನು ಎಲ್ಲವನ್ನೂ ಬಿಚ್ಚಿ, ಕೊಂಡಿಗೆ ತೂಗುಹಾಕುವ ಪುಟ್ಟ ಯಂತ್ರದ ಜೋಳಿಗೆಯಲ್ಲಿ ಕೂಸನ್ನು ಬರಿಮೈಯಲ್ಲಿ ಮಲಗಿಸಿ ತೂಗಿದೆ. ಎರಡು ಸಾವಿರದ ನಾನೂರ ನಲವತ್ತು. ಮೊದಲ ದಿನಗಳಲ್ಲಿ ಇಷ್ಟು ಇಳಿಯುವುದು ಸಹಜ. ಕೂಸು ಕಿರುಚಿ ಅತ್ತಿತು. ಬಾಣಂತಿಯ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಬಂದು ನನ್ನ ಕೈಯಿಂದ ಕೂಸನ್ನು ಕಸಿದುಕೊಂಡ ಹಾಗೆಯೇ ತೆಗೆದುಕೊಂಡರು.

"ಬತ್ತಲಿ ತೂಗ್ತಾರೇನ್ರಿ ಬಾಯಾರ? ಅದೇನ ಬದನಿಕಾಯಿ?"

ಮರುದಿನ ಕೂಸು ಮೂರು ಸಲ ಸೀನಿತಂತೆ. ಆ ಮೂರು ಸೀನು ನನ್ನ ಲೆಕ್ಕಕ್ಕೆ ಬಂತು. ಊರಿನ ಆಶಾ ಕಾರ್ಯಕರ್ತೆ, ನನ್ನ ಜೊತೆ ಮನೆಮನೆಗೆ ಬರುವ ಅಕ್ಕ, ದಾರಿಯಲ್ಲಿ ಹೇಳಿದರು: "ಆ ಮನ್ಯಾಗ ಇನ್ನ ನಿಮಗ ಚಾ ಸಿಗಂಗಿಲ್ಲ ನೋಡ್ರಿ."

ಹಾಗಾಗಿ ನಾನೊಂದು ಉಪಾಯ ಮಾಡಿದೆ. ಎಂಟನೆಯ ದಿನ ಹೋದಾಗ ಕೂಸಿನ ಅಜ್ಜಿಗೆ, ಅದೇ ಬಾಣಂತಿಯ ತಾಯಿಗೆ, ಹೇಳಿದೆ, "ಅಮ್ಮಾರ, ಕೂಸಿನ ಬಟ್ಟಿ ಬಿಚ್ಚೂದ ಬ್ಯಾಡ. ಕುಂಚಗಿ ಸಹಿತ ತೂಗೂಣು. ಆಮ್ಯಾಲ ಬರೇ ಕುಂಚಗಿ ತೂಗಿ ಅದನ್ನ ಕಳದ್ರಾತು." ಅಜ್ಜಿಯ ಮುಖ ಸಡಿಲವಾಯಿತು. ಬೆಚ್ಚಗೆ ಮಾಡಿದ ಇನ್ನೊಂದು ಬಟ್ಟೆಯನ್ನು ಕೂಸಿಗೆ ಹೊದಿಸಿ ಒಂದು ಗಳಿಗೆ ಕುಂಚಿಗೆಯನ್ನು ನನಗೆ ಕೊಟ್ಟರು. ನೂರ ನಲವತ್ತು ಗ್ರಾಂ. ಕಳೆದರೆ ಕೂಸು ಎರಡು ಸಾವಿರದ ನಾನೂರ ಅರವತ್ತು. ಚಹಾ ಸಿಕ್ಕಿತು. ಆ ದಿನದ ಸಾಲಿನ ಮೇಲೆ 'ಕುಂಚಿಗೆ 140' ಎಂದು ಬರೆದು ಚೌಕ ಹಾಕಿದೆ. ಮುಂದೆ ಎಲ್ಲ ಮನೆಗಳಲ್ಲೂ ಹೀಗೆಯೇ ಮಾಡಿದರೆ ಜಗಳವೇ ಇರುವುದಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಹೆಮ್ಮೆ ಬಂದಿತ್ತು.

ಹದಿಮೂರನೆಯ ದಿನ ಹೆಸರಿಡುವ ಕಾರ್ಯ. ನನ್ನನ್ನೂ ಕರೆದಿದ್ದರು. ತೊಟ್ಟಿಲಿನ ಸುತ್ತ ಹೆಂಗಸರು ಕಿಕ್ಕಿರಿದಿದ್ದರು. ಕೂಸಿನ ಸೋದರತ್ತೆ ಬಗ್ಗಿ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುವಾಗ ಉಳಿದವರೆಲ್ಲ ಅವಳ ಬೆನ್ನಿಗೆ ಗುದ್ದಿದರು. "ಏ, ಸಾಕ್ರೇ, ಬೆನ್ನ ಮುರೀತು!" ಎಂದು ಅವಳು ಕೂಗಿಕೊಂಡಷ್ಟೂ ಗುದ್ದು ಜಾಸ್ತಿಯಾಯಿತು. ಆಮೇಲೆ ಉಡುಗೊರೆ. ನನ್ನ ಅಭ್ಯಾಸದಂತೆ ಸಂಜೆ ಮನೆಗೆ ಹೋಗಿ ಎಲ್ಲವನ್ನೂ ಬರೆದಿಟ್ಟೆ. ಬಂದ ಹೆಂಗಸರು ನಲವತ್ತರ ಮೇಲೆ. ಗುಗ್ಗರಿ ಎರಡು ಬಗೆ. ಸೋದರಮಾವನಿಂದ ಬೆಳ್ಳಿಯ ಕಾಲ್ಗಡಗ, ಸೋದರತ್ತೆಯಿಂದ ಕೈಗಡಗ, ಅಜ್ಜಿಯಿಂದ ಸೊಂಟಕ್ಕೆ ಕಟ್ಟುವ ಬೆಳ್ಳಿಯ ಉಡದಾರ.

ಮತ್ತು ಬಾಣಂತಿಯ ಅತ್ತೆಯಿಂದ ಒಂದು ಡಬ್ಬಿ ಹಾಲಿನ ಪುಡಿ.

ಅತ್ತೆ ಅದನ್ನು ಮುಚ್ಚುಮರೆ ಮಾಡದೆ, ಎಲ್ಲರೆದುರು ತೊಟ್ಟಿಲಿನ ಪಕ್ಕ ಇಟ್ಟರು. "ಕೂಸ ಹುಟ್ಟಿದಾಗ ಹೆಂಗಿತ್ತೋ ಹಂಗ ಐತಿ. ಹೊರಸಿನ ಮ್ಯಾಲ ಹದಿಮೂರ ದಿನ ಕುಂತು ಉಂಡದ್ದು ಎಲ್ಲಿಗೆ ಹೋತೋ ಏನೋ, ಎದಿಗಂತೂ ಬಂದಿಲ್ಲ" ಎಂದರು. ಕೆಲವರು ನಕ್ಕರು. ಬಾಣಂತಿ ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

ಅವಳಿಗೆ ಎದೆಹಾಲು ಕುಡಿಸಬೇಕೆಂಬ ಆಸೆ ಎಷ್ಟಿತ್ತು ಎಂದು ನನಗೆ ಗೊತ್ತಿತ್ತು. ಬಸುರಿಯಿದ್ದಾಗಲೇ ಉಪಕೇಂದ್ರಕ್ಕೆ ಬಂದು ಕೇಳುತ್ತಿದ್ದಳು, ಹೇಗೆ ಹಿಡಿಯಬೇಕು, ಎಷ್ಟು ಹೊತ್ತು ಕುಡಿಸಬೇಕು ಎಂದು. ಹೀಗಾಗಿ ನಾನು ಬಾಯಿ ಹಾಕಿದೆ. "ಅಕ್ಕಾರ, ನಾಕ ದಿನಾ ತಡೀರಿ. ಹದಿನೇಳನೇ ದಿನಕ್ಕ ನಾ ತೂಗ್ತೇನಿ. ತೂಕ ಏರಿರಲಿಲ್ಲಂದ್ರ ಡಾಕ್ಟರ್‌ನ ಕೇಳೂಣು."

"ತೂಗ್ರಿ, ತೂಗ್ರಿ. ನಾಕ ದಿನದಾಗ ಹಾಲಿನ ಹೊಳಿ ಹರೀತದೇನ, ನೋಡೂಣು."

ಹದಿನೇಳನೆಯ ದಿನ ಎಂದಿಗಿಂತ ಬೇಗ ಹೋದೆ. ಯಂತ್ರವನ್ನು ತೊಲೆಯ ಕೊಕ್ಕೆಗೆ ನೇತುಹಾಕಿ, ಕುಂಚಿಗೆ ಕಟ್ಟಿದ ಕೂಸನ್ನು ಜೋಳಿಗೆಯಲ್ಲಿ ಇಟ್ಟೆ. ಕೂಸು ನಿದ್ದೆಯಲ್ಲಿತ್ತು, ಎತ್ತಿದರೂ ಏಳಲಿಲ್ಲ. ಎರಡು ಸಾವಿರದ ಎಂಟುನೂರ ಮೂವತ್ತು. ನೂರ ನಲವತ್ತು ಕಳೆದರೆ ಎರಡು ಸಾವಿರದ ಆರುನೂರ ತೊಂಬತ್ತು. ಎಂಟನೆಯ ದಿನದಿಂದ ಇನ್ನೂರ ಮೂವತ್ತು ಗ್ರಾಂ ಹೆಚ್ಚು. ಒಂಬತ್ತರಿಂದ ಭಾಗಿಸಿದೆ. ದಿನಕ್ಕೆ ಇಪ್ಪತ್ತೈದು. ತರಬೇತಿಯಲ್ಲಿ ಹೇಳಿಕೊಟ್ಟದ್ದಕ್ಕೆ ಸರಿಯಾಗಿ ಹೊಂದುವ ಸಂಖ್ಯೆ. ಅಷ್ಟು ಸರಿಯಾಗಿ ಹೊಂದಿತೆಂದೇ ನನಗೆ ಇನ್ನೊಮ್ಮೆ ನೋಡಬೇಕು ಎನಿಸಲಿಲ್ಲ.

ಬಾಣಂತಿ ಆಗ ಒಂದು ಮಾತು ಹೇಳಿದಳು. "ಅಕ್ಕಾ, ಕೂಸು ಎಚ್ಚರಾನ ಆಗಂಗಿಲ್ಲ. ಬಾಯಾಗ ಮೊಲಿ ಇಟ್ರ ಎರಡ ಗುಟಕ ಚೀಪಿ ಮಲಗಿಬಿಡ್ತದ. ಒದ್ದಿ ಬಟ್ಟಿನೂ ನಿನ್ನಿ ನಾಕಽ ಆಗ್ಯಾವು."

"ಚಳಿ ಐತಲ್ಲ, ಮಲಗ್ತದ. ನಂಬರ್ ನೋಡಿದ್ಯಲ್ಲ? ಇನ್ನೇನ ಬೇಕು ನಿನಗ?" ಎಂದೆ.

ನಾನು ಬಟ್ಟೆಯ ಅಂಕಣದಲ್ಲಿ '4' ಎಂದು ಬರೆದೆ. ಮಾತಿನ ಅಂಕಣದಲ್ಲಿ ಏನೂ ಬರೆಯಲಿಲ್ಲ. ಅಜ್ಜಿ ನನ್ನ ಕೈಯಲ್ಲಿ ಎರಡು ಅಂಟಿನ ಉಂಡಿ ಇಟ್ಟು, ಡಬ್ಬಿಯನ್ನು ಎತ್ತಿ ಗೋಡೆಯ ಮಾಡದ ಮೇಲಿನ ಹಲಗೆಗೆ ಸರಿಸಿ, "ಬೀಗತಿಗೆ ಇವತ್ತ ಫೋನ್ ಹಚ್ಚತೇನಿ. ಹೊಳಿ ಹರದೈತಿ, ಬಂದ ಜಳಕಾ ಮಾಡ್ರಿ ಅಂತ ಹೇಳತೇನಿ" ಎಂದರು. ಬಸ್ಸಿನಲ್ಲಿ ಉಂಡಿ ತಿನ್ನುತ್ತ ಮನೆಗೆ ಹೋದೆ.

ಇಪ್ಪತ್ತನೆಯ ದಿನ ಆ ಮನೆಗೆ ಹೋಗುವುದು ನನ್ನ ಪಟ್ಟಿಯಲ್ಲಿರಲಿಲ್ಲ. ಪಕ್ಕದ ಓಣಿಯಲ್ಲಿ ಲಸಿಕೆಯ ಕೆಲಸವಿತ್ತು. ಬೇಗ ಮುಗಿಯಿತು, ಹಾಗೆಯೇ ಇಣುಕಿದೆ. ಕೂಸಿಗೆ ನೀರು ಎರೆಯುವ ಹೊತ್ತು. ಬಚ್ಚಲಲ್ಲಿ ಅಜ್ಜಿ ಮಣೆಯ ಮೇಲೆ ಕಾಲು ಚಾಚಿ ಕೂತು ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡಿದ್ದರು. ಎರೆಯುವ ಮೊದಲು ಒಂದೊಂದೇ ಒಡವೆ ಬಿಚ್ಚಿ ಸ್ಟೀಲಿನ ತಾಟಿಗೆ ಹಾಕುತ್ತಿದ್ದರು. ಠಣ್. ಠಣ್. ಕಾಲ್ಗಡಗ ಎರಡು. ಕೈಗಡಗ ಎರಡು. ಉಡದಾರ ಬಿದ್ದಾಗ ಸದ್ದು ಬೇರೆಯಾಗಿತ್ತು, ಸರಪಳಿಯ ಹಾಗೆ.

ನಾನು ಮೊದಲು ನೋಡಿದ್ದು ತಾಟನ್ನಲ್ಲ, ಕೂಸಿನ ತೊಡೆಯನ್ನು. ಚರ್ಮ ಮಡಿಕೆ ಮಡಿಕೆಯಾಗಿತ್ತು. ಎರಡು ಸಾವಿರದ ಏಳುನೂರರ ಹತ್ತಿರ ಇರುವ ಕೂಸಿನ ತೊಡೆ ಅಲ್ಲ ಅದು.

"ಅಮ್ಮಾರ, ಇವನ್ನ ಯಾವಾಗಿಂದ ಹಾಕೀರಿ?"

"ಹೆಸರಿಟ್ಟ ದಿನದಿಂದಽ ರೀ. ಎರೀಮುಂದ ಅಷ್ಟಽ ತಗೀತೇನಿ. ಯಾಕ್ರಿ?"

ಬ್ಯಾಗಿನಿಂದ ಯಂತ್ರವನ್ನು ತೆಗೆದು ನೇತುಹಾಕಿದೆ. ತಾಟಿನಲ್ಲಿದ್ದ ಬೆಳ್ಳಿಯನ್ನೆಲ್ಲ ಬೊಗಸೆಯಲ್ಲಿ ಎತ್ತಿ ಜೋಳಿಗೆಗೆ ಹಾಕಿ ತೂಗಿದೆ. ಇನ್ನೂರ ಹದಿನೈದು ಗ್ರಾಂ.

ಎರೆದು ಒರೆಸಿದ ಕೂಡಲೇ ಕೂಸನ್ನು ಕೇಳಿದೆ. ಅಜ್ಜಿ ನನ್ನ ಮುಖ ನೋಡಿ ಈ ಸಲ ಏನೂ ಅನ್ನದೆ ಕೊಟ್ಟರು. ಬರಿಮೈಯಲ್ಲಿ ಎರಡು ಸಾವಿರದ ನಾನೂರ ಎಂಬತ್ತು. ಹುಟ್ಟಿದಾಗಿನ ತೂಕವನ್ನೂ ಮುಟ್ಟಿರಲಿಲ್ಲ. ಎಂಟನೆಯ ದಿನದಿಂದ ಹನ್ನೆರಡು ದಿನದಲ್ಲಿ ಏರಿದ್ದು ಇಪ್ಪತ್ತು ಗ್ರಾಂ. ನಾನು ಭಾಗಿಸಲಿಲ್ಲ.

ಜೋಯಿಡಾ ಕಡೆ, ಗಣೇಶಗುಡಿಯಿಂದ ಒಳಗಿನ ಹಳ್ಳಿಗಳಲ್ಲಿ ನಾನು ಕೆಲಸ ಕಲಿತದ್ದು. ಅಲ್ಲಿ ನಾನು ತೂಗಿದ ಕೂಸುಗಳ ಮೈಮೇಲೆ ಇದ್ದದ್ದು ಕಪ್ಪು ದಾರ, ಒಂದೆರಡು ಕರಿಮಣಿ. ದಾರವನ್ನು ಯಾರೂ ತೂಕದಿಂದ ಕಳೆಯುವುದಿಲ್ಲ. ಆದರೆ ಅದನ್ನು ನೆಪ ಮಾಡಿಕೊಳ್ಳಲು ನನ್ನ ಡೈರಿಯೇ ಬಿಡಲಿಲ್ಲ. ಹದಿಮೂರನೆಯ ದಿನದ ಪುಟದಲ್ಲಿ ಕಾಲ್ಗಡಗ, ಕೈಗಡಗ, ಉಡದಾರ. ಎದುರಿನ ಪುಟದಲ್ಲಿ 2,690, ಅದರ ಕೆಳಗೆ ಕೆಂಪು ಗೆರೆ. ಎರಡನ್ನೂ ಬರೆದವಳು ಎರಡನ್ನೂ ಕೂಡಿಸಿ ನೋಡಿರಲಿಲ್ಲ.

ಬಾಣಂತಿ ಹೊರಸಿನ ಮೇಲೆ ಎದ್ದು ಕೂತಿದ್ದಳು. "ಏನಾತಕ್ಕಾ?"

ಹೇಳಲೇಬೇಕಿತ್ತು. ಬೆಳ್ಳಿಯನ್ನು ಕೂಸಿನ ತೂಕವೆಂದು ಬರೆದೆ, ಕೂಸು ಬೆಳೆದಿಲ್ಲ, ತಪ್ಪು ನನ್ನದು ಎಂದೆ. ಅಜ್ಜಿ ತಾಟನ್ನು ನೋಡಿದರು, ನನ್ನನ್ನು ನೋಡಿದರು. ಬಾಣಂತಿ ಅಳಲಿಲ್ಲ. ಬಹಳ ಮೆಲ್ಲಗೆ, "ನಾ ಹೇಳಿದ್ನಲ್ಲ, ಎಚ್ಚರ ಆಗಂಗಿಲ್ಲಂತ" ಎಂದಳು. ಮತ್ತೆ, "ಹಾಲ ಇಲ್ಲಂದ್ರ ಇಲ್ಲ ಅಂತ ಹೇಳ್ರಿ. ಸುಳ್ಳ ಸಮಾಧಾನ ಬ್ಯಾಡ ನನಗ" ಎಂದಳು.

ಅಂಗಳಕ್ಕೆ ಬಂದು ಡಾಕ್ಟರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ, ಬೆಳ್ಳಿಯನ್ನೂ. "ಈಗಲೇ ಕರೆದುಕೊಂಡು ಬಾ" ಎಂದರು. ಅದೇ ಮಧ್ಯಾಹ್ನ ಆರೋಗ್ಯ ಕೇಂದ್ರದಲ್ಲಿ ಕೂಸನ್ನು ಪೂರ್ತಿ ನೋಡಿದರು. ಜ್ವರವಿಲ್ಲ, ಸೋಂಕಿಲ್ಲ, ಬಾಯಿ ನಾಲಿಗೆ ಸರಿಯಾಗಿವೆ. ಬಾಣಂತಿಯ ಎದೆಯನ್ನು ಒತ್ತಿ ನೋಡಿದಾಗ ಹಾಲು ಚಿಮ್ಮಿತು. ಹಾಲಿದೆ, ಕೂಸು ಎಳೆಯುತ್ತಿಲ್ಲ, ಕುಂಚಿಗೆ ದುಪಟಿ ಕೆಂಡ ಎಲ್ಲ ಸೇರಿ ಅದನ್ನು ದಿನವಿಡೀ ಮಲಗಿಸುತ್ತಿವೆ ಎಂದರು. ಮೂರು ದಿನ ಕೊಟ್ಟರು. ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಬೇಕು, ಪ್ರತಿ ಸಲವೂ ಆಮೇಲೆ ಹಾಲು ಹಿಂಡಿ ಚಮಚದಲ್ಲಿ ಹಾಕಬೇಕು. ಮೂರನೆಯ ದಿನಕ್ಕೆ ಅರವತ್ತು ಗ್ರಾಂ ಆದರೂ ಏರದಿದ್ದರೆ ಮೇಲಿನ ಹಾಲು, ಅಂದರೆ ಡಬ್ಬಿಯ ಹಾಲು, ಶುರು, ಜೊತೆಗೆ ದೊಡ್ಡ ಆಸ್ಪತ್ರೆ. ಅದಕ್ಕೂ ಮೊದಲು ಕೂಸು ಇನ್ನಷ್ಟು ಮಂಕಾದರೆ ಕಾಯುವುದೇ ಬೇಡ.

ಆ ಮೂರು ದಿನಗಳೇ ನಾನು ಹೇಳಿದ ಮೂರು ದಿನಗಳು.

ಮೊದಲ ಸಂಜೆ ಕೆಂಡದ ಬುಟ್ಟಿಯನ್ನು ಹೊರಗೆ ಸಾಗಿಸಿದೆವು. ಬಾಣಂತಿಯನ್ನು ಗೋಡೆಗೆ ಒರಗಿಸಿ, ಬೆನ್ನಿಗೆ ಮಡಚಿದ ಕೌದಿ ಕೊಟ್ಟು, ಕೂಸಿನ ಹೊಟ್ಟೆ ಅವಳ ಹೊಟ್ಟೆಗೆ ಅಂಟುವ ಹಾಗೆ ತಿರುಗಿಸಿದೆ. ಇಷ್ಟು ದಿನ ಅವಳು ಕೂಸಿನ ಮೇಲೆ ಬಗ್ಗಿ ಕುಡಿಸುತ್ತಿದ್ದಳು, ಕೂಸು ತೊಟ್ಟಿನ ತುದಿಯನ್ನಷ್ಟೇ ಹಿಡಿಯುತ್ತಿತ್ತು. ಅದನ್ನು ನಾನು ನೋಡಿದ್ದು ಆ ದಿನ. ಅದಕ್ಕೆ ಮೊದಲು ತೂಗಲೆಂದೇ ಮೂರು ಸಲ ಆ ಮನೆಗೆ ಹೋಗಿದ್ದೆ. ಮೂರು ಸಲವೂ ಕೂಸು ಕುಡಿಯುವಾಗ ನಾನು ಬರೆಯುತ್ತ ಕೂತಿದ್ದೆ.

ಬಟ್ಟೆ ಬಿಚ್ಚುವ ಮಾತು ಬಂದಾಗ ಅಜ್ಜಿ ಕುಂಚಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. "ಥಂಡಿ ಹತ್ತಿದ್ರ?"

"ತಾಯಿ ಮೈ ಬಿಸಿ ಇರ್ತದಲ್ಲ ಅಮ್ಮಾರ. ಇಬ್ಬರ ಮ್ಯಾಲೂ ಕೂಡೇ ಒಂದ ದುಪಟಿ ಹೊಚ್ಚೂಣು. ಮೈಗೆ ಮೈ ಹತ್ತಿದ್ರ ಕೂಸು ಎಚ್ಚರ ಇರ್ತದ."

ಅಜ್ಜಿ ಕೊನೆಗೆ ಕುಂಚಿಗೆಯ ಟೊಪ್ಪಿಗೆಯನ್ನಷ್ಟೇ ತಲೆಗೆ ಕಟ್ಟಿ, ಉಳಿದ ಬಟ್ಟೆಯನ್ನು ಹಿಂದಕ್ಕೆ ಮಡಚಿ ಹೇಳಿದರು: "ತಲಿ ನನ್ನ ಪಾಲಿಗೆ. ಹೊಟ್ಟಿ ನಿಮ್ಮ ಪಾಲಿಗೆ."

ಆ ಸಂಜೆ ಮೊದಲ ಸಲ ಬಾಣಂತಿ ನಕ್ಕಳು. ಕೂಸು ತಣ್ಣನೆಯ ಗಾಳಿಗೆ ಮುಖ ಕಿವುಚಿ ಬಾಯಿ ತೆರೆಯಿತು. ಅದು ಪೂರ್ತಿ ತೆರೆದ ಗಳಿಗೆ ನೋಡಿ ಎದೆಗೆ ಒತ್ತಿಕೊಂಡಳು. ಗುಟುಕಿನ ಸದ್ದು ಕೇಳಿಸಿತು. ನಾನು ಎಣಿಸತೊಡಗಿ, ಹನ್ನೊಂದರ ಹತ್ತಿರ ನಿಲ್ಲಿಸಿ, ನೋಡಿದೆ. ಚೀಪುವುದು ನಿಧಾನವಾದಾಗ ಎದೆಯನ್ನು ಮೆಲ್ಲಗೆ ಒತ್ತಲು ಹೇಳಿಕೊಟ್ಟೆ. ಆಮೇಲೆ ಸ್ಟೀಲಿನ ವಾಟಿಯಲ್ಲಿ ಹಾಲು ಹಿಂಡಿ, ಪುಟ್ಟ ಚಮಚದಲ್ಲಿ ತುಟಿಗೆ ಮುಟ್ಟಿಸುವುದನ್ನು. ಮೊದಲ ಸಲ ಬಂದದ್ದು ಎರಡು ಚಮಚ. ಅವಳಿಗೆ ಅದು ಕಡಿಮೆ ಎನಿಸಿತು. ನನಗೂ ಎನಿಸಿತು, ಆದರೆ ಹೇಳಲಿಲ್ಲ.

ಎಷ್ಟು ಸಲ ಕುಡಿಸಿದಳೆಂದು ನಾನಿಲ್ಲದಾಗ ಬರೆಯುವವರು ಯಾರು? ಅಜ್ಜಿಗೆ ಬರೆಯಲು ಬಾರದು, ಬಾಣಂತಿಗೆ ಕೈ ಬಿಡುವಿಲ್ಲ. ಅಜ್ಜಿಯೇ ದಾರಿ ಹುಡುಕಿದರು. ಒಂದು ಸಲಕ್ಕೆ ಒಂದು ಗೋವಿನಜೋಳದ ಕಾಳು, ಖಾಲಿ ಬಟ್ಟಲಿಗೆ.

ರಾತ್ರಿ ದಾಂಡೇಲಿಯ ನಮ್ಮ ಮನೆಯಲ್ಲಿ ಅವ್ವ, "ಯಾರ ಮನೀದು ಏನಾಗೇತಿ? ಯಾಕ ಹಿಂಗ ಹೊರಗ ಒಳಗ ತಿರಗಾಕತ್ತಿ?" ಎಂದು ಕೇಳಿದಳು. ಹೇಳಿದರೆ ಇನ್ನಷ್ಟು ದೊಡ್ಡದಾಗುತ್ತದೆ ಎನಿಸಿ ಸುಮ್ಮನಿದ್ದೆ. ಡೈರಿ ತಿರುವಿದೆ. ಕುಂಚಿಗೆಯ ಉಪಾಯ ಮಾಡಿದ ಮೇಲೆ ಹೆಸರಿಟ್ಟ ನಂತರ ತೂಗಿದ ಕೂಸುಗಳು ಇನ್ನು ಮೂರು. ಮರುದಿನ ಆಶಾ ಅಕ್ಕನನ್ನು ಕರೆದುಕೊಂಡು ಮೂರೂ ಮನೆಗೆ ಹೋದೆ. ಹೋದಲ್ಲೆಲ್ಲ ಮೊದಲ ಮಾತು, "ಬೆಳ್ಳಿ ಎಷ್ಟ ಐತ್ರಿ ಕೂಸಿನ ಮ್ಯಾಲ?" ಒಂದು ಮನೆಯ ಮುದುಕಿ ಕಣ್ಣು ಕಿರಿದು ಮಾಡಿ ಆಶಾ ಅಕ್ಕನನ್ನು ಕೇಳಿದಳು: "ಇಕಿ ನರ್ಸಬಾಯಿಯೋ, ಅಕ್ಕಸಾಲಿಗ್ಯೋ?" ಮೂರೂ ಕೂಸುಗಳು ಚೆನ್ನಾಗಿದ್ದವು. ಬೆಳ್ಳಿ ಕಳೆದರೂ ಚೆನ್ನಾಗಿದ್ದವು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಹಾಗಾದರೆ ನನ್ನ ತಪ್ಪು ಬಿದ್ದದ್ದು ಸರಿಯಾಗಿ ಆ ಒಂದು ಕೂಸಿನ ಮೇಲೆಯೇ ಎಂಬುದು ಇನ್ನೂ ಚುಚ್ಚಿತು.

ಇಪ್ಪತ್ತೊಂದನೆಯ ದಿನ ಬಟ್ಟಲಲ್ಲಿ ಹತ್ತು ಕಾಳು. ಇಪ್ಪತ್ತೆರಡನೆಯ ದಿನ ಹದಿನಾಲ್ಕು. ನಾನು ಸಂತೋಷದಿಂದ ಬರೆಯಹೊರಟಾಗ ಬಾಣಂತಿ, "ಹನ್ನೆರಡು ಬರೀರಿ ಅಕ್ಕಾ. ಎರಡು ಅವ್ವ ಹೆಚ್ಚಿಗಿ ಹಾಕ್ಯಾಳ" ಎಂದಳು.

"ಬಾಯಾರ ಮಾರಿ ಬಾಡೇತಿ, ಒಂದೀಟ ಹುರುಪ ಬರಲಿ ಅಂತ ಹಾಕಿದ್ನಿ" ಎಂದು ಅಜ್ಜಿ ಒಲೆಯ ಕಡೆ ತಿರುಗಿದರು. ಹನ್ನೆರಡು ಎಂದು ಬರೆದೆ. ಒದ್ದೆ ಬಟ್ಟೆ ಏಳು. ಅವನ್ನು ಹಿತ್ತಿಲ ಹಗ್ಗದ ಮೇಲೆ ನಾನೇ ಹೋಗಿ ಎಣಿಸಿದೆ.

ಇಪ್ಪತ್ತಮೂರನೆಯ ದಿನ ಹೋದಾಗ ಅಂಗಳದಲ್ಲಿ ಹೊಸ ಚಪ್ಪಲಿ ಇತ್ತು. ಅತ್ತೆ ಬೆಳಗಿನ ಬಸ್ಸಿಗೆ ಬಂದಿದ್ದರು. ಬೆಳ್ಳಿಯ ಸುದ್ದಿ ಅವರಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಡಬ್ಬಿ ಹಲಗೆಯಿಂದ ಇಳಿದು ಅವರ ಮುಂದಿತ್ತು, ಪಕ್ಕದಲ್ಲಿ ಕುದಿಸಿ ಆರಿಸಿದ ನೀರು.

"ಬರ್ರಿ ಬಾಯಾರ. ಹಾಲಿನ ಹೊಳಿ ನೋಡಾಕ ಬಂದೇನಿ. ಬೆಳ್ಳೀದೋ, ಹಾಲಿಂದೋ?"

"ತಪ್ಪ ನಂದರೀ ಅಕ್ಕಾರ. ನಿಮ್ಮ ಸೊಸೀದಲ್ಲ" ಎಂದೆ. "ಆಕಿ ಎದಿಯೊಳಗ ಹಾಲ ಮೊದಲಿಂದನೂ ಇತ್ತು. ಕೂಸಿಗೆ ಹಿಡಿಯಾಕ ಬರ್ತಿರಲಿಲ್ಲ. ಆಕಿ ನನಗ ಹೇಳಿದ್ಳು, ನಾ ಕೇಳಲಿಲ್ಲ. ಇವತ್ತ ಅರವತ್ತ ಗ್ರಾಂ ಏರಿರದಿದ್ರ ಡಬ್ಬಿ ನಾನಽ ತಗೀತೇನಿ, ದವಾಖಾನಿಗೂ ನಾನಽ ಕರಕೊಂಡ ಹೋಗ್ತೇನಿ."

ಅತ್ತೆಗೆ ಜಗಳ ಮಾಡಲು ಏನೋ ಸಿದ್ಧವಾಗಿತ್ತು. ನಾನು ಒಪ್ಪಿಕೊಂಡದ್ದರಿಂದ ಅದು ಬಾಯಿಗೆ ಬರದೆ ಉಳಿಯಿತು. "ಹೂಂ, ತೂಗ್ರಿ ಮತ್ತ" ಎಂದರು. "ಈ ಸಲ ನಾ ಮುಂದ ನಿಂತ ನೋಡ್ತೇನಿ."

ಅಜ್ಜಿ ಕಾಲ್ಗಡಗ ಬಿಚ್ಚಿದರು. ಕೈಗಡಗ ಬಿಚ್ಚಿದರು. ಉಡದಾರದ ಕೊಂಡಿ ಸಿಕ್ಕಿಕೊಂಡಿತ್ತು, ಅದನ್ನು ಅತ್ತೆಯೇ ಬಗ್ಗಿ ಹಲ್ಲಿನಿಂದ ಸಡಿಲ ಮಾಡಿದರು. ಬೆಳ್ಳಿಯನ್ನೆಲ್ಲ ತಮ್ಮ ಸೆರಗಿನಲ್ಲಿ ಹಾಕಿಕೊಂಡು ಗಂಟು ಹಿಡಿದು ನಿಂತರು. ನಾನು ಖಾಲಿ ಜೋಳಿಗೆಯನ್ನು ತೂಗುಹಾಕಿ ಯಂತ್ರವನ್ನು ಸೊನ್ನೆಗೆ ತಂದೆ. ಕೂಸನ್ನು ಬರಿಮೈಯಲ್ಲಿ ಮಲಗಿಸಿದೆ. ಅದು ಎಚ್ಚರವಿತ್ತು. ಕಾಲು ಒದೆಯುತ್ತಿತ್ತು. ಹಾಗಾಗಿ ಅಂಕಿ ನಿಲ್ಲದೆ ಕುಣಿಯುತ್ತಿತ್ತು: 2,610, 2,490, 2,580. ನಾನೇ ಓದಿದರೆ ಯಾರೂ ನಂಬಬಾರದು ಎನಿಸಿತು. ನಾನೂ ಸೇರಿ.

"ನೀ ಬಂದ ಓದು" ಎಂದು ಬಾಣಂತಿಯನ್ನು ಕರೆದೆ.

ಅವಳು ಹೊರಸಿನಿಂದ ಇಳಿದು ಬಂದು, ಒಂದು ಬೆರಳು ಕೂಸಿನ ಅಂಗೈಯಲ್ಲಿಟ್ಟಳು. ಕೂಸು ಅದನ್ನು ಹಿಡಿದು ಒಂದು ಗಳಿಗೆ ಸುಮ್ಮನಾಯಿತು. ಬೆರಳಿನ ಭಾರ ಬೀಳದಂತೆ ಮೆಲ್ಲಗೆ ಕೈ ಹಿಂದೆ ತೆಗೆದುಕೊಂಡು ಓದಿದಳು. "ಎರಡ ಸಾವಿರದ ಐನೂರಾ ಅರವತ್ತು."

ಲೆಕ್ಕ ನನ್ನ ತಲೆಯಲ್ಲಿ ಆಗಲೇ ಆಗಿತ್ತು. ಆದರೆ ನಾನು ಬಾಯಿ ಬಿಡಲಿಲ್ಲ. ಅವಳು ತನ್ನ ಬೆರಳುಗಳ ಗಂಟುಗಳನ್ನು ಮುಟ್ಟಿ ಮುಟ್ಟಿ ಕಳೆದಳು. "ಎಂಬತ್ತ ಏರೇತಿ ಅತ್ತಿ" ಎಂದಳು. ಆಗ ಅಳು ಬಂತು ಅವಳಿಗೆ. ಅಳುತ್ತಲೇ ಕೂಸನ್ನು ಜೋಳಿಗೆಯಿಂದ ಎತ್ತಿಕೊಂಡು ಹೊರಸಿಗೆ ಹೋಗಿ, ಗೋಡೆಗೆ ಒರಗಿ, ಯಾರೂ ಹೇಳದೆಯೇ ಹೊಟ್ಟೆಗೆ ಹೊಟ್ಟೆ ತಿರುಗಿಸಿ ಹಿಡಿದಳು.

ಅತ್ತೆ ನಿಂತೇ ಇದ್ದರು. ಗುಟುಕಿನ ಸದ್ದನ್ನು ಕೇಳುತ್ತಿದ್ದರೆಂದು ತೋರುತ್ತದೆ, ಯಾಕೆಂದರೆ ತಲೆ ಸ್ವಲ್ಪ ವಾಲಿತ್ತು. ಆಮೇಲೆ ಡಬ್ಬಿಯ ಕಡೆ ನೋಡಿ, "ಇದನ್ನ ನಾ ಹೊಳ್ಳಿ ಒಯ್ತೇನಿ. ಇಲ್ಲಿದ್ರ ಬೀಗತಿ ಚಾಕ್ಕ ಹಾಕ್ಕೊಂಡ ಕುಡೀತಾಳ" ಎಂದರು.

"ನಿಮ್ಮ ಪುಡಿ ಚಾ ನಿಮಗಽ ಇರಲಿ" ಎಂದು ಅಜ್ಜಿ ಒಳಗಿನಿಂದ ಕೂಗಿದರು.

ಡಾಕ್ಟರಿಗೆ ಫೋನ್ ಮಾಡಿ ಅಂಕಿ ಹೇಳಿದೆ. ಇನ್ನೂ ಹುಟ್ಟಿದಾಗಿನ ತೂಕ ಮುಟ್ಟಿಲ್ಲ, ಚಮಚ ನಿಲ್ಲಿಸಬೇಡಿ, ನಾಲ್ಕು ದಿನ ಬಿಟ್ಟು ಮತ್ತೆ ತೂಗು ಎಂದರು. ಅದು ನನಗೂ ಗೊತ್ತಿತ್ತು. ಎಂಬತ್ತು ಗ್ರಾಂ ಎಂದರೆ ಒಂದು ಹಿಡಿ ಕಾಳು. ಅಷ್ಟರಿಂದ ಎಲ್ಲ ಸರಿಯಾಯಿತು ಎಂದು ಆ ದಿನವೂ ಅನಿಸಲಿಲ್ಲ, ಬಸ್ಸಿನಲ್ಲಿ ಆ ಸಂಜೆಯೂ ನಿಂತೇ ಹೋದೆ.

ಇಪ್ಪತ್ತೇಳನೆಯ ದಿನ ಎರಡು ಸಾವಿರದ ಆರುನೂರ ಎಪ್ಪತ್ತು. ಬರಿಮೈ. ಆ ದಿನ ಚಹಾ ಕುಡಿದು, ಡೈರಿ ತೆಗೆದು, ಬರೆಯುವ ಮೊದಲು ಅವಳನ್ನು ಕೇಳಿದೆ: "ಏನ ಅನಸ್ತದ ನಿನಗ?"

ಅವಳು ಕೂಸಿನ ತೊಡೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಈಗ ಹಸ್ತಾಗ ಅಳ್ತದ ಅಕ್ಕಾ. ದೊಡ್ಡ ದನಿ ಐತಿ ಈಕೀದು" ಎಂದಳು. ನಾನು ಮಾತಿನ ಅಂಕಣದಲ್ಲಿ ಅದನ್ನು ಬರೆದೆ, ಆಮೇಲೆ ತೂಕ. ಒಳಗಿನಿಂದ ಅಜ್ಜಿ ಕೈಯಲ್ಲಿ ಕಾಲ್ಗಡಗ ಹಿಡಿದು ಬಂದು ನನ್ನ ಮುಂದೆ ನಿಂತರು.

"ಈಗ ಹಾಕಬಹುದೇನ್ರಿ?"